ಡಿಸ್ಕಿಗೆ ಅಂಟಿದ ಕೆಂಪು

ಕೋವಿಡ್ ಬಂದು ಹೋದ ಮರುವರ್ಷ ನಾನು ಬೀದರಿನ ಒಂದು ದ್ವಿಚಕ್ರ ವಾಹನ ಸರ್ವಿಸ್ ಸೆಂಟರಿನಲ್ಲಿ ಫೋರ್‌ಮನ್ ಆಗಿದ್ದೆ. ಸಿಡುಕ ಎಂಬ ಹೆಸರು ಆಗಲೇ ಬಂದಿತ್ತು, ಅದು ಸುಳ್ಳೇನಲ್ಲ. ನನ್ನ ಕೈಯಿಂದ ಸರಿಯಾಗಿ ಹೋದ ಗಾಡಿ ಅದೇ ದೂರು ಹೊತ್ತು ವಾಪಸು ಬಂದರೆ ನನಗೆ ಊಟ ಸೇರುವುದಿಲ್ಲ. ಹಾಗೆ ವಾಪಸು ಬಂದ ಗಾಡಿ ಶಿವರಾಜನದು.

ಶಿವರಾಜ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವ. ಔರಾದ, ಭಾಲ್ಕಿಗಳ ಸಣ್ಣ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ ತಂದು ಬೀದರಿನ ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳು ಹೋಗಿದ್ದವು. ಮೋಟಾರ್‌ಸೈಕಲ್ಲಿನ ಮುಂದಿನ ಬ್ರೇಕ್ ಹಿಡಿಯುವುದು ಬಲಗೈಯಿಂದ, ಹಿಂದಿನದನ್ನು ಒತ್ತುವುದು ಬಲಗಾಲಿನಿಂದ. ಲಿವರನ್ನು ಉಳಿದ ಬೆರಳುಗಳಿಗೆ ಎಟುಕುವಂತೆ ನಾನೇ ಹತ್ತಿರ ತಂದುಕೊಟ್ಟಿದ್ದೆ. ಆದರೂ ಆ ಕೈಗೆ ಪೂರ್ತಿ ಬಲ ಬರುತ್ತಿರಲಿಲ್ಲ. ಅವನಿಗೆ ಹಿಂದಿನ ಬ್ರೇಕೇ ಗತಿ, ಕೈಕೊಟ್ಟಿದ್ದೂ ಅದೇ.

ಔರಾದ ರಸ್ತೆಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಅವನು ಪೆಡಲ್ ತುಳಿದರೂ ಗಾಡಿ ನಿಲ್ಲದೆ ತೊಗರಿ ಹೊಲಕ್ಕೆ ನುಗ್ಗಿತ್ತು. ಮೊಣಕೈ ತರಚಿಕೊಂಡೇ ಅಂಗಡಿಗೆ ಬಂದ.

ಹಿಂದಿನ ಚಕ್ರದ ಉಕ್ಕಿನ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ಅದರೊಳಗೆ ಪಿಸ್ಟನ್ ಇರುತ್ತದೆ, ಡಿಸ್ಕಿಗೆ ಉಜ್ಜುವ ಪ್ಯಾಡ್‌ಗಳಿರುತ್ತವೆ, ಇಡೀ ಕ್ಯಾಲಿಪರ್ ಸರಿದಾಡಲು ಪಿನ್‌ಗಳಿರುತ್ತವೆ. ಬಿಚ್ಚಿ ನೋಡಿದರೆ ಭಾಲ್ಕಿ ಕಡೆಯ ಎರೆಮಣ್ಣು ಪಿನ್‌ಗಳ ಸುತ್ತ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಪ್ಯಾಡಿನ ಅಂಚಿನಲ್ಲಿ ಒಂದಿಷ್ಟು ಕೆಂಪೂ ಇತ್ತು. ಬೀದರಿನ ಕೆಂಪು ಮಣ್ಣಿರಬೇಕು ಎಂದುಕೊಂಡೆ. ಪೆಡಲನ್ನು ಮೆಲ್ಲಗೆ ಒತ್ತಿ ಪಿಸ್ಟನ್ ತುಸುವೇ ಹೊರತಂದು, ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಳಗೆ ತಳ್ಳಿದೆ. ಪಿನ್‌ಗಳಿಗೆ ಸಿಲಿಕಾನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ನಾನೇ ಓಡಿಸಿ ನೋಡಿದೆ. ಗಾಡಿ ತುಳಿದಲ್ಲೇ ನಿಂತಿತು.

ತಿಂಗಳಾಗುವಷ್ಟರಲ್ಲಿ ಶಿವರಾಜ ಮತ್ತೆ ಬಂದ. ಮುಖ ಬಾಡಿತ್ತು.

"ಉಸ್ತಾದ್, ಮತ್ತ ಹಿಡೀವಲ್ದು. ಈ ಸಲಾನೂ ಆಗಲಿಲ್ಲಂದ್ರ ಗಾಡಿ ಬಿಟ್ಟುಬಿಡ್ತೇನಿ ನೋಡ್ರಿ. ಆದರ ಈ ಕೈಗಿ ಬ್ಯಾರೆ ಕೆಲಸ ಯಾರು ಕೊಡ್ತಾರ್ರಿ?"

ಆ ಮಾತು ನನ್ನ ಎದೆಗೆ ನಾಟಿತು. ಇಡೀ ಕ್ಯಾಲಿಪರ್ ಬದಲಿಸಿಬಿಡಿ ಎಂದು ಪಕ್ಕದ ಮೆಕ್ಯಾನಿಕ್ ಹೇಳಿದ. ಕಾರಣ ಗೊತ್ತಾಗದೆ ಒಂದು ನಟ್ಟನ್ನೂ ಬದಲಿಸುವುದಿಲ್ಲ ಎಂದು ಅವನ ಮೇಲೆ ರೇಗಿ, ಎಲ್ಲವನ್ನೂ ಮತ್ತೆ ಬಿಚ್ಚಿದೆ. ಪಿಸ್ಟನ್ ಸರಿಯಿತ್ತು, ಪಿನ್ ಸರಿಯಿತ್ತು. ಪ್ಯಾಡ್ ಮಾತ್ರ ಗಾಜಿನ ಹಾಗೆ ಮಿರುಗುತ್ತಿತ್ತು, ಅಂಚಿನಲ್ಲಿ ಮತ್ತದೇ ಕೆಂಪು. ಬೆರಳಿಗೆ ಹಚ್ಚಿ ತೊಳೆದೆ. ಮಣ್ಣಾಗಿದ್ದರೆ ನೀರಿಗೆ ಹೋಗಬೇಕಿತ್ತು. ಇದು ಜಿಡ್ಡಾಗಿ ಬೆರಳಿನ ಗೆರೆಗಳಲ್ಲೇ ಕೂತಿತು. ಮೂಸಿದರೆ ಕೊಬ್ಬರಿ ಎಣ್ಣೆ.

ಹ್ಯಾಂಡಲಿನಲ್ಲಿ ಬಾಡಿದ ಚೆಂಡು ಹೂವಿನ ಮಾಲೆ ಇತ್ತು. ಹಿಂದಿನ ದಿನವಷ್ಟೇ ಅಮಾವಾಸ್ಯೆ ಕಳೆದಿತ್ತು.

"ಗಾಡಿ ಪೂಜಿ ಯಾರು ಮಾಡ್ತಾರೋ?" ಎಂದು ಕೇಳಿದೆ.

"ಅವ್ವ ಮಾಡ್ತಾಳ್ರಿ. ನಾ ಏಳೂದ್ರಾಗ ಎಲ್ಲಾ ಮುಗಿಸಿರ್ತಾಳ."

ನಮ್ಮದು ಬೌದ್ಧ ಮನೆತನ. ಬುದ್ಧನ ಮುಂದೆ ಮೇಣದಬತ್ತಿ ಹಚ್ಚುತ್ತೇವೆ, ಗಾಡಿಗೆ ಪೂಜೆ ಮಾಡುವ ರೂಢಿ ನಮ್ಮಲ್ಲಿಲ್ಲ. ಆ ಕಡೆ ನನ್ನ ತಲೆ ಓಡದೇ ಇದ್ದದ್ದು ಅದಕ್ಕೇ. ಬ್ರೇಕಿಗೆ ಎಣ್ಣೆ, ಕುಂಕುಮ ತಾಗಿಸುವುದು ಬೇಡವೆಂದು ತಾಯಿಗೆ ಹೇಳಲು ಸೂಚಿಸಿದರೆ ಶಿವರಾಜ ತಲೆ ತಗ್ಗಿಸಿದ. "ನನ್ನ ಕೈ ಹೋದಾಗಿಂದ ಆಕಿಗಿ ಆ ಪೂಜಿನೇ ಧೈರ್ಯ. ನನ್ನ ಕೈಲೆ ಹೇಳೂದಾಗಲ್ರಿ."

ಹಾಗಾದರೆ ನಾನೇ ಹೇಳುತ್ತೇನೆ ಎಂದು ಎದ್ದೆ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಹೊಸ ಪ್ಯಾಡ್ ಹಾಕಿದೆ. ಎಣ್ಣೆ ಕುಡಿದ ಪ್ಯಾಡನ್ನು ಎಷ್ಟು ಉಜ್ಜಿದರೂ ಮತ್ತೆ ನಂಬುವಂತಿಲ್ಲ. ಆ ಹಳೆಯವನ್ನು ಕಾಗದದಲ್ಲಿ ಸುತ್ತಿಕೊಂಡು, ನಾನೇ ಗಾಡಿ ಓಡಿಸುತ್ತ ಶಿವರಾಜನೊಂದಿಗೆ ಭಾತಂಬ್ರಾಕ್ಕೆ ಹೋದೆ.

ತಾಯಿ ಗುರಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಗಟ್ಟಿ ಹೆಂಗಸು. ಚಹಾ ಕೊಟ್ಟರು. ಗಾಡಿ ಪೂಜೆ ಹೇಗೆ ಮಾಡುತ್ತೀರಿ, ತೋರಿಸಿ ಎಂದೆ. ಖುಷಿಯಿಂದ ಎಣ್ಣೆಯ ಗಿಂಡಿ, ಕುಂಕುಮದ ಬಟ್ಟಲು ತಂದವರು ನೆಟ್ಟಗೆ ಹಿಂದಿನ ಚಕ್ರದ ಬಳಿ ಕೂತು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಡಿಸ್ಕಿಗೆ ಸವರಲು ಕೈ ಚಾಚಿದರು. ನಾನು ಆ ಕೈ ಹಿಡಿದೆ.

"ಯಾಕ್ ಯಪ್ಪಾ? ಕುಡಗೋಲಿಗಿ, ಕೊಡ್ಲಿಗಿ ಎಣ್ಣಿ ಹಚ್ಚೂದಿಲ್ಲೇನು? ಉಕ್ಕಿನ ತಾಟ ಇದು, ಜಂಗ್ ಹಿಡೀತದ!" ತುಕ್ಕು ಹಿಡಿಯದಿರಲೆಂದೇ ಅವರು ಎಣ್ಣೆ ಹಚ್ಚುತ್ತಿದ್ದರು.

"ಅವ್ವಾ, ಆ ಎಣ್ಣಿ ಕೈಲೆ ತುಂಬಿದ ಕೊಡ ಹಿಡಿದು ಎತ್ತರಿ ನೋಡೋಣ."

ಎತ್ತಿದರು. ಕೊಡ ಜಾರಿ ಅಂಗಳವೆಲ್ಲ ನೀರಾಯಿತು. ನಾನು ಹಳೆಯ ಪ್ಯಾಡ್‌ಗಳನ್ನು ಅವರ ಅಂಗೈಯಲ್ಲಿಟ್ಟೆ. ಆ ಕೆಂಪು ಅವರಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಮಗನ ಮೊಣಕೈಯ ಗಾಯದ ಕಲೆಯ ಕಡೆ ತಿರುಗಿದರು.

"ನನ್ನ ಕೈಲೇ ಆತೇನು ಇದು?"

ಇಲ್ಲ ಎನ್ನಬೇಕೆಂದು ಬಾಯಿಗೆ ಬಂತು. ಅಂದಿದ್ದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಎಣ್ಣೆ ಬೀಳುತ್ತಿತ್ತು. ನನಗೂ ಸಂಕಟವಾಯಿತು, ಆದರೂ ಹೇಳಿದೆ: "ಹೌದವ್ವಾ. ಪೂಜಿ ಬಿಡಬ್ಯಾಡ್ರಿ. ಕುಂಕುಮ ಮುಂದಿನ ಲೈಟಿಗಿ ಹಚ್ಚರಿ. ಚೈನಿಗಿ ಎಣ್ಣಿ ಬೇಕು, ಅದನ್ನ ನಾ ಕೊಡ್ತೇನಿ. ಈ ತಾಟಿಗಿ ಮಾತ್ರ ಹನಿ ಎಣ್ಣಿನೂ ಬ್ಯಾಡ."

ಅವರು ಸೋಪಿನಿಂದ ಕೈ ತೊಳೆದು ಬಂದು, "ಒಣ ಅರಿಬಿಲೆ ಒರಸಿದ್ರ ನಡೀತದಿಲ್ಲ?" ಎಂದರು. ನಡೆಯುತ್ತದೆ ಎಂದೆ. ಒಣ ಬಟ್ಟೆ ತಂದು ಒರೆಸಿದರು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಶಿವರಾಜನ ಫೋನ್ ಬಂತು. ಮತ್ತೆ ಬ್ರೇಕ್ ಕೈಕೊಟ್ಟಿತೇನೋ ಎಂದುಕೊಂಡೇ ಎತ್ತಿದೆ. ಅವನು ನಗುತ್ತಿದ್ದ. ಪೂಜೆಗೆ ಮುಂಚೆ ಗಾಡಿ ತೊಳೆಯಲು ಮನೆಗೆ ಬಂದವನು ಹೊಳಪು ಬರಲೆಂದು ಡೀಸೆಲ್ ಸಿಂಪಡಿಸಲು ಹೊರಟಿದ್ದನಂತೆ. ಅದೂ ಎಣ್ಣೆಯೇ ಎಂದು ಗುರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಚಕ್ರಕ್ಕೆ ಅಡ್ಡ ನಿಂತುಬಿಟ್ಟಿದ್ದರಂತೆ.

ಬ್ರೇಕ್ ಕೆಟ್ಟಿದೆ ಎಂದು ಯಾರೇ ಬಂದರೂ ಅಂದಿನಿಂದ ನಾನು ಸ್ಪ್ಯಾನರ್ ಎತ್ತುವ ಮೊದಲು ಒಂದು ಮಾತು ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಗಾಡಿಯನ್ನು ಜೋಪಾನ ಮಾಡುವವರು ಯಾರು ಎಂದು. ಶಿವರಾಜ ಇಂದಿಗೂ ಔರಾದ ರಸ್ತೆಯಲ್ಲಿ ಸ್ಯಾಂಪಲ್ ಒಯ್ಯುತ್ತಿದ್ದಾನೆ. ದಿನಾ ಅವನು ಹೊರಡುವ ಮುಂಚೆ ಅವನ ತಾಯಿ ಆ ಡಿಸ್ಕಿನ ಮೇಲೆ ಬೆರಳಾಡಿಸಿ, ಜಿಡ್ಡಿಲ್ಲವೆಂದು ಖಾತ್ರಿ ಮಾಡಿಕೊಂಡೇ, "ಇನ್ನ ಹೋಗಪ್ಪಾ" ಅನ್ನುತ್ತಾರಂತೆ.