ಶಾಂತಕ್ಕ ಕಲಿತಿದ್ದರು

ಶಾಂತಕ್ಕ ಫೋನಿನಲ್ಲಿ ತುಂಬುವ ವಿವರವೆಲ್ಲ ತಪ್ಪು ಎಂದು ಆರು ವರ್ಷದ ಹಿಂದೆ ನಮ್ಮ ಸಂಸ್ಥೆಯ ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಅವರಿಗೆ ಚೆನ್ನಾಗಿ ಬರುತ್ತಿತ್ತು. ಕಲಿಸಿದವಳೇ ನಾನು.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಸೇವಾಸಂಸ್ಥೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಅದನ್ನೇ ಮನೆಯವರಿಗೂ ಕಲಿಸುವುದು — ಇಷ್ಟೇ ಕೆಲಸ. ಅಲ್ಲಿ ಮೊದಲಿನಿಂದ ದುಡಿಯುತ್ತಿದ್ದ ಕಮರಿಪೇಟೆಯ ಶಾಂತಕ್ಕ ಅರವತ್ತು ದಾಟಿದವರು, ಮಲಗಿದಲ್ಲೇ ಇದ್ದ ಗಂಡನನ್ನು ಹನ್ನೊಂದು ವರ್ಷ ನೋಡಿಕೊಂಡವರು. ರೋಗಿಯ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ, ಮಲಗಿ ಮಲಗಿ ಹುಣ್ಣು ಏಳುವ ಮೊದಲೇ ಹೇಳುತ್ತಿದ್ದರು. ನಾನು ಆಗಷ್ಟೇ ಓದು ಮುಗಿಸಿ ಸೇರಿದ್ದೆ. ಭೇಟಿಯ ವಿವರಗಳನ್ನು ಫೋನಿನಲ್ಲೇ ತುಂಬಬೇಕೆಂದಾದಾಗ ನಮ್ಮಿಬ್ಬರನ್ನು ಜೋಡಿ ಮಾಡಿದರು. ನಾನು ಅವರಿಗೆ ಫೋನ್ ಕಲಿಸಬೇಕು, ಅವರು ನನಗೆ ಆರೈಕೆ.

ಮೂರು ವಾರದಲ್ಲಿ ಅವರು ಕಲಿತರು. ನಾನು —

ರಾಯಾಪುರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರನ್ನು ಹೊರಳಿಸುತ್ತಿದ್ದೆ. ಮನೆಯವರೆಲ್ಲ ನಿಂತಿದ್ದರು. "ಹಂಗ ಎಳೀಬ್ಯಾಡವಾ, ಚರ್ಮ ಕಿತ್ತು ಬರ್ತೈತಿ. ನಾ ತೋರಸ್ತೇನಿ, ಆ ಕಡೆ ಸರಿ" ಎಂದರು ಶಾಂತಕ್ಕ. ಮೆತ್ತಗೇ ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. ಮರುವಾರ ಆ ಮನೆಯಿಂದ ಫೋನ್ ಬಂತು: "ಶಾಂತಕ್ಕಾರನ್ನ ಕಳಸ್ರಿ." ನನ್ನನ್ನಲ್ಲ.

ತಿಂಗಳ ಸಭೆಯ ದಿನ ಶಾಂತಕ್ಕ ಹೆಬ್ಬಳ್ಳಿಗೆ ಮದುವೆಗೆ ಹೋಗಿದ್ದರು. ಅವರು ಹೇಗೆ ಕಲಿಯುತ್ತಿದ್ದಾರೆಂದು ಕಾರ್ಯದರ್ಶಿ ಕೇಳಿದರು. "ಆಗೂದಿಲ್ರಿ ಸರ್. ಎಲ್ಲಾ ತಪ್ಪ ತುಂಬ್ತಾರ. ದಿನಾ ನಾನ ತಿದ್ದಾಕತ್ತೇನಿ" ಎಂದೆ. ಅವರು ತುಂಬಿದ್ದನ್ನು ಯಾರೂ ತೆರೆದು ನೋಡಲಿಲ್ಲ, ನನ್ನನ್ನು ನಂಬಿದರು. ಶಾಂತಕ್ಕನನ್ನು ಮನೆಭೇಟಿಯಿಂದ ಬಿಡಿಸಿ ಕಚೇರಿಯಲ್ಲಿ ಬಟ್ಟೆ ಮಡಚಲು ಕೂರಿಸಿದರು. ಅವರು ಜಗಳವಾಡಲಿಲ್ಲ. ನನ್ನನ್ನು ಮಾತ್ರ ಕೇಳಿದರು, "ಖರೇನ ತಪ್ಪಾಗಿತ್ತೇನವಾ?"

"ಹೌದ್ರಿ" ಎಂದೆ. ಎರಡನೆಯ ಸುಳ್ಳು — ಮೊದಲಿನದಕ್ಕಿಂತ ಕೆಟ್ಟದ್ದು. ಎರಡು ತಿಂಗಳಿಗೆ ಅವರು ಬರುವುದನ್ನೇ ಬಿಟ್ಟರು.

ಈಗ ಹೊಸಬರಿಗೆ ನಾನೇ ಕಲಿಸುತ್ತೇನೆ. ಹೋದ ತಿಂಗಳು ಒಬ್ಬಳು, ಹಿಮ್ಮಡಿ ಒತ್ತಿದಾಗ ಏನು ತಿಳಿಯಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾನು ಕಲಿತೇ ಇರಲಿಲ್ಲ.

ಮರುದಿನ ಕಮರಿಪೇಟೆಗೆ ಹೋದೆ. ಶಾಂತಕ್ಕ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, "ಅಂದ್ರ ನಾ ಕಲ್ತಿದ್ದೆ?" ಎಂದರು.

"ಹೌದ್ರಿ. ಒಂದೂ ತಪ್ಪಿರಲಿಲ್ರಿ."

"ನನ್ನ ತಲೀನ ಮಂದ ಆಗೇತಿ ಅನ್ಕೊಂಡಿದ್ದೆ. ಆವಾಗಿಂದ ದವಾಖಾನಿಗೂ ಒಬ್ಬಾಕಿನ ಹೋಗಿಲ್ಲ."

ಅವರನ್ನು ಕೆಲಸದಿಂದ ತಪ್ಪಿಸಿದೆ ಎಂದಷ್ಟೇ ಈವರೆಗೆ ಅಂದುಕೊಂಡಿದ್ದೆ. ಆರು ವರ್ಷ ಅವರು ತಮ್ಮ ಬುದ್ಧಿಯನ್ನೇ ನಂಬದೆ ಬದುಕಿದ್ದರು — ಅದು ನನಗೆ ಹೊಳೆದೇ ಇರಲಿಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೋಮವಾರ ಸಭೆಯಿದೆ. ಆರು ವರ್ಷದ ಹಿಂದೆ ನನ್ನ ಮಾತು ನಂಬಿದವರೇ ಅಲ್ಲಿರುತ್ತಾರೆ. ಅವರ ಮುಂದೆ ಇದನ್ನೆಲ್ಲ ಹೇಳುತ್ತೇನೆ. ಬರುತ್ತೀರಾ ಎಂದು ಶಾಂತಕ್ಕನನ್ನು ಕೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.