ಮೂರು ಸಲ ಕೇಳುತ್ತಿದ್ದ ಅಧ್ಯಕ್ಷರು

ಅವರ ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ರೈಲ್ವೆ ವರ್ಕ್‌ಶಾಪಿನ ಯಂತ್ರವೊಂದು ಅವರ ಹರೆಯದಲ್ಲೇ ತೆಗೆದುಕೊಂಡಿತ್ತು. ಅದಕ್ಕಾಗಿ ಅವರು ಕೈ ಮುಚ್ಚಿಟ್ಟುಕೊಂಡವರಲ್ಲ. ಸಭೆಯಲ್ಲಿ ಠರಾವು ಓದಿ ಒಂದು ಬೆರಳು ಎತ್ತುವರು. ಮತ್ತೆ ಅದನ್ನೇ ಓದಿ ಎರಡು. ಮೂರನೆಯ ಸಲ ಓದಿ ಮೂರು. ಆ ಮೂರನೆಯದು ಈ ಮೋಟು ಬೆರಳು. "ಎರಡೂವರಿ ಆತು ನೋಡಪಾ" ಅಂತ ಹಿಂದಿನ ಸಾಲಿನ ಗಂಡಸರು ಮುಸಿಮುಸಿ ನಗುತ್ತಿದ್ದರಂತೆ.

ಹುಬ್ಬಳ್ಳಿ, ಧಾರವಾಡ ಮತ್ತು ಸುತ್ತಲ ಹಳ್ಳಿಗಳ ನಮ್ಮ ಬುದ್ಧವಿಹಾರಗಳ ಒಕ್ಕೂಟಕ್ಕೆ ಅವರು ಅಧ್ಯಕ್ಷರು. ನಿವೃತ್ತಿಯಾದ ಮೇಲೆ ನವನಗರದಲ್ಲಿ ಮನೆ ಮಾಡಿದ್ದರು. ನಮ್ಮಪ್ಪನ ಜೊತೆ ಕೆಲಸ ಮಾಡಿದವರಾದ್ದರಿಂದ ನಾನು ಕಾಕಾ ಅನ್ನುತ್ತಿದ್ದೆ. ಹಾಗೆ ಅನ್ನದಿದ್ದರೆ ಬೇರೇನು ಅಂದುಬಿಡುತ್ತಿದ್ದೆನೋ, ಅಷ್ಟು ತಲೆ ಕೆಡಿಸುತ್ತಿದ್ದರು.

ಮೂರು ಸಲ ಕೇಳುವುದು ಅವರು ಹುಟ್ಟಿಸಿದ ಪದ್ಧತಿಯಲ್ಲ. ಹಿಂದಿನ ಭಿಕ್ಷು ಸಂಘದಲ್ಲಿ ಹೀಗೇ ಇತ್ತಂತೆ: ಒಂದು ಮಾತನ್ನು ಸಂಘದ ಮುಂದಿಟ್ಟು ಮೂರು ಸಲ ಕೇಳುವುದು, ಎಲ್ಲರೂ ಸುಮ್ಮನಿದ್ದರೆ ಒಪ್ಪಿಗೆ, ಒಬ್ಬರು ಬೇಡ ಅಂದರೂ ಮಾತು ಅಲ್ಲಿಗೇ ನಿಂತಿತು. ದೊಡ್ಡ ಸಂಗತಿಗಳಿಗೆ ಒಳ್ಳೆಯದೇ. ಆದರೆ ನಮ್ಮ ಕಾಕಾ ಅದನ್ನು ನೀರಿನ ಡ್ರಮ್ಮು ಯಾವ ಮೂಲೆಯಲ್ಲಿರಬೇಕು, ಪಾತ್ರೆ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ, ಇದಕ್ಕೆಲ್ಲ ಹಚ್ಚುತ್ತಿದ್ದರು. ಹಳ್ಳಿಯಿಂದ ಬಂದವರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತಾ ಚಡಪಡಿಸುತ್ತಿದ್ದರೆ, ಇವರು ಕನ್ನಡಕ ಒರೆಸಿ, ಹಾಕಿಕೊಂಡು, ಡ್ರಮ್ಮಿನ ಠರಾವನ್ನು ಮತ್ತೆ ಮೊದಲಿನಿಂದ ಓದುವರು. ಮೂರನೆಯ ಬೆರಳು ಎತ್ತುವ ತನಕ ಚಹಾ ಇಲ್ಲ. ಎತ್ತಿದ ಮೇಲೆ ಚಹಾ ತಡವಾಗಕೂಡದು, ಆರಿರಲೂ ಕೂಡದು.

"ಕಾಕಾ, ಡ್ರಮ್ಮಿಗೂ ಮೂರ್ ಸಲಾ ಏನ್ರಿ?" ಅಂದರೆ, "ಡ್ರಮ್ಮಿನ ನೀರು ಎಲ್ಲಾರೂ ಕುಡೀತಾರಲ್ಲ ಯವ್ವಾ?" ಅನ್ನುವರು. ಮಾತು ಸರಿಯೇ ಇತ್ತು. ಅದೇ ಇನ್ನೂ ಸಿಟ್ಟು ತರಿಸುತ್ತಿತ್ತು.

ನನ್ನ ಗಂಡ ಕಾಮಾಲೆಯಾಗಿ ಮಲಗಿದ್ದಾಗ ದಿನಾ ಬಂದು ಹಾಸಿಗೆಯ ಪಕ್ಕ ಕೂತರು. ಸಮಾಧಾನದ ಮಾತೇನೂ ಇಲ್ಲ, ಒಕ್ಕೂಟದ ವ್ಯವಹಾರ ಹೇಳಿ ಹೇಳಿ ರೋಗಿಗೆ ತಲೆನೋವನ್ನೂ ಕೂಡಿಸಿದರು. ಆದರೆ ನಳದಲ್ಲಿ ನೀರು ಬಂದ ದಿನ, ನಾನು ಬೇಡ ಬೇಡ ಅಂದರೂ ಪ್ಯಾಂಟು ಮಡಿಚಿಕೊಂಡು ಕೊಡಗಳನ್ನೆಲ್ಲ ತುಂಬಿಟ್ಟು ಹೋದರು. ಬೈಯೋಣವೆಂದರೆ ಹೀಗೊಂದು ಕೆಲಸ ಮಾಡಿ ನಮ್ಮ ಬಾಯಿ ಕಟ್ಟುತ್ತಿದ್ದರು.

ಹುಬ್ಬಳ್ಳಿ ವಿಹಾರದ ಪಕ್ಕದಲ್ಲಿ ತಗಡಿನ ಶೆಡ್ಡೊಂದಿದೆ. ಹುಣ್ಣಿಮೆಗೆ ಮತ್ತು ಭಾನುವಾರಕ್ಕೆ ನಾವು ಹೆಂಗಸರು ಅಲ್ಲಿ ರೊಟ್ಟಿ, ಝುಣಕಾ, ಕಾಳುಪಲ್ಯ ಮಾಡುತ್ತೇವೆ. ರೋಗಿಗಳ ಜೊತೆ ಊರುಗಳಿಂದ ಬಂದು ದೊಡ್ಡಾಸ್ಪತ್ರೆಯ ಕಟ್ಟೆಗಳ ಮೇಲೆ ಮಲಗುವವರಿಗೆ ಆ ಊಟ. ಗ್ಯಾರೇಜಿನ ಭಾಯ್ ತಮ್ಮ ಆಟೋ ತಂದು, "ಲಗೂ ಏರಸ್ರಿ ಅಕ್ಕಾರ, ಬಿಸಿ ಇದ್ದಾಗ ಮುಟ್ಟಬೇಕು" ಅಂತ ಅವಸರ ಮಾಡುತ್ತಾರೆ. ರೊಟ್ಟಿಯ ಮುಖ್ಯಸ್ಥೆ ಬೈರಿದೇವರಕೊಪ್ಪದ ಆಯಿ. ಕಾಕಾ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಅವರನ್ನು ಏಕವಚನದಲ್ಲಿ ಕರೆಯುವ ಒಬ್ಬಳೇ ಒಬ್ಬಳು.

ಒಂದು ಹುಣ್ಣಿಮೆಯ ಸಭೆಯಲ್ಲಿ ಸಪ್ತಾಪುರದ ಪ್ರಾಧ್ಯಾಪಕರು ಒಂದು ಠರಾವು ತಂದರು. ಶೆಡ್ಡು ಕೆಡವಿ ಅಲ್ಲಿ ಧ್ಯಾನಕ್ಕೊಂದು ಹಾಲ್ ಕಟ್ಟಬೇಕು. ಅಡುಗೆಯ ಮಾತು ಆಮೇಲೆ ನೋಡಿಕೊಳ್ಳೋಣ. ಕಾಕಾ ಓದಿದರು, ಬೆರಳು ಎತ್ತಿದರು. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಾದರೂ ಗಂಡಸರು ಬೇಡ ಅಂತಾರೆ ಬಿಡು, ಅಂದುಕೊಂಡೆವು. ಎರಡನೆಯ ಬೆರಳು ಎತ್ತಿದ ಕೂಡಲೇ ಎಂದಿನಂತೆ ಎದ್ದು ಶೆಡ್ಡಿಗೆ ಹೋದೆವು, ಚಹಾಕ್ಕೆ ಒಲೆ ಹಚ್ಚಬೇಕಲ್ಲ. ಕಪ್ಪು ಜೋಡಿಸಿಕೊಂಡು ಬರುವಷ್ಟರಲ್ಲಿ, "ಸಂಘ ಸುಮ್ಮನೈತಿ. ಒಪ್ಪಿಗಿ ಐತಿ ಅಂತ ತಿಳದೇನಿ" ಅನ್ನುತ್ತಿದ್ದರು. ಸೋಮವಾರ ಗೌಂಡಿ ಬಂದು ಕೆಡವುವುದೆಂದೂ ಆಯಿತು.

ಸಭೆ ಮುಗಿಸಿ ಕಾಕಾ ಎಲ್ಲರ ಚಪ್ಪಲಿಗಳ ಮೂತಿ ಹೊರಗೆ ತಿರುಗಿಸುತ್ತಾ ಕೂತಿದ್ದರು. ದಿನದ ಚಟ ಅದು. ನಾನು ಹೋಗಿ ನಿಂತೆ.

"ಕಾಕಾ, ಶೆಡ್ ಕೆಡವಿದ್ರ ರೊಟ್ಟಿ ಎಲ್ಲಿ ಬಡಿಯೂದ್ರಿ?"

"ಮೂರ್ ಸಲ ಕೇಳೇನಿ ಯವ್ವಾ. ಒಬ್ಬಾಕಿರೆ ಬ್ಯಾಡ ಅನ್ನಬೇಕಿತ್ತು."

"ಮೂರನೇದ್ದು ಕೇಳೂಮುಂದ ನಾವು ಎಲ್ಲಿದ್ವಿ?"

"ಎಲ್ಲಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಆಯಿ ಬಂದಳು, ಮೊಣಕೈ ತನಕ ಜೋಳದ ಹಿಟ್ಟು. "ನಿನ್ನ ಚಾಕ್ಕ ಒಲಿ ಹಚ್ಚಾಕ ಹೋಗಿದ್ವೊ ತಮ್ಮಾ. ಎರಡನೇ ಬಳ್ಳು ಎದ್ದ ಕೂಡ್ಲೆ ನಾವು ಏಳತೀವಿ. ಇಷ್ಟ್ ವರ್ಷದಾಗ ಒಂದ್ ಸಲಾನೂ ಕಣ್ಣಿಗಿ ಬೀಳಲಿಲ್ಲೇನು? ನಿನ್ನ ಸಂಘದಾಗ ನಾವು ಅದೀವೋ, ಬರೇ ಚಾ ಐತೋ?"

ಅವರು ಕೈಯಲ್ಲಿದ್ದ ಚಪ್ಪಲಿಯನ್ನು ಮೂತಿ ತಿರುಗಿಸದೆ ಕೆಳಗಿಟ್ಟರು. ಸ್ಕೂಟರ್ ಏರಿ ಹೋದರು. ನಾವು ಬೈದುಕೊಳ್ಳುತ್ತಾ ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಮ್ಮಣಿಗೆಗಳನ್ನು ಒಂದು ಕಡೆ ಕೂಡಿಸತೊಡಗಿದೆವು.

ಸೋಮವಾರ ಬೆಳಿಗ್ಗೆ ಗೌಂಡಿ ಬರಬೇಕಿದ್ದ ಹೊತ್ತಿಗಿಂತ ಮೊದಲು ಅವರೇ ಶೆಡ್ಡಿಗೆ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಗೌಂಡಿಗೆ ಬರಬ್ಯಾಡ ಅಂದೇನಿ. ಸಂಘ ಪೂರಾ ಕೂಡಲಾರದ ಮಾಡಿದ್ದು ಠರಾವ ಅಲ್ಲ. ಅದೂ ಹಳೇ ಪದ್ಧತಿನ. ನಾನು ಅರ್ಧಾನ ಓದಿದ್ದೆ."

ನಾನು ಹಂಚನ್ನು ಮತ್ತೆ ಒಲೆಯ ಮೇಲಿಟ್ಟೆ. ಅಷ್ಟಕ್ಕೆ ನಿಲ್ಲಿಸುವ ಮನುಷ್ಯನೇ ಅವರು?

"ಶೆಡ್ ಒಂದ ಅಲ್ಲ ಯವ್ವಾ. ನೀವಿಲ್ಲದ ಮಾಡಿದ್ದೆಲ್ಲಾ ಬಿದ್ದು ಹೋತು. ಎಲ್ಲಾನೂ ಮತ್ತ ಕೇಳಬೇಕು."

"ಕಾಕಾ, ಕೈ ಮುಗೀತೇನ್ರಿ. ನಮಗ ಶೆಡ್ ಉಳದ್ರ ಸಾಕು."

"ನಿಮಗ ಸಾಕು. ನನಗ ಸಾಲೂದಿಲ್ಲ."

ಮಳೆಗಾಲವೆಲ್ಲ ಅದೇ ಆಯಿತು. ಎಲ್ಲ ವಿಹಾರದವರನ್ನೂ ಮತ್ತೆ ಮತ್ತೆ ಕರೆಸಿದರು. ಆಗಲೇ ಕೊಂಡು, ತಳ ಸುಟ್ಟು, ತಗ್ಗು ಬಿದ್ದ ಪಾತ್ರೆಯನ್ನು ಕೊಳ್ಳಬೇಕೋ ಬೇಡವೋ ಎಂದು ಮೂರು ಸಲ ಕೇಳಿದರು. ಬಣ್ಣ ಹಚ್ಚಿ ಮುಗಿದ ಗೋಡೆಗೆ ಯಾವ ಬಣ್ಣ ಎಂದು ಕೇಳಿದರು. ಡ್ರಮ್ಮಿಗೆ ಆಯಿ ಬೇಡ ಅಂದದ್ದರಿಂದ ಅದು ಹಳೆಯ ಮೂಲೆಗೇ ವಾಪಸ್ಸು ಬಂತು. ಹೆಂಗಸರು ಏಳಕೂಡದೆಂದು ಚಹಾದ ಕೆಲಸ ಗಂಡಸರಿಗೆ ಬಂತು. ಪ್ರಾಧ್ಯಾಪಕರ ಚಹಾ ಕುಡಿದವರು ಕಷಾಯಕ್ಕೆ ಹೆದರುವುದಿಲ್ಲ. ಶೆಡ್ಡಿನ ಸರದಿಯಲ್ಲಿ ಮೊದಲ ಬೆರಳಿಗೇ ಆಯಿ ಎದ್ದು ನಿಂತು "ಬ್ಯಾಡ" ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಇವರು ಅವಳ ಕಡೆಯೇ ನೋಡುತ್ತಾ ಇನ್ನೆರಡು ಸಲ ಓದಿದರು. ಅವಳು ಇನ್ನೆರಡು ಸಲ ಅಂದಳು, ಒಂದಕ್ಕಿಂತ ಒಂದು ಜೋರಾಗಿ. ಪ್ರಾಧ್ಯಾಪಕರು ನಕ್ಕುಬಿಟ್ಟರು, "ಹಾಲ್ ಹಿತ್ತಲದಾಗ ಕಟ್ಟೋಣ ಬಿಡ್ರಿ" ಅಂದರು.

ಕೊನೆಗೆ ಕಾಕಾ ಅವರ ಅಧ್ಯಕ್ಷಗಿರಿಯ ಸರದಿಯೇ ಬಂತು. ಅದೂ ನಾವು ಒಲೆ ಹಚ್ಚುತ್ತಿದ್ದಾಗ ಆದದ್ದೇ ಅಂತೆ. ಕುರ್ಚಿಯಿಂದಿಳಿದು ಜಮಖಾನೆಯ ಮೇಲೆ ಎಲ್ಲರ ನಡುವೆ ಕೂತು, ಓದುವ ಕೆಲಸ ನನಗೆ ಹೇಳಿದರು. ನಾನು ಮೂರು ಸಲ ಓದಿದೆ. ಮೂರನೆಯ ಸಲ ಆಯಿ ಗಂಟಲು ಸರಿಮಾಡಿಕೊಂಡಳು. ಇಡೀ ಸಭೆ ಅವಳತ್ತ ತಿರುಗಿತು. ಕಾಕಾ ತಲೆ ಎತ್ತಲಿಲ್ಲ; ಅವರ ಕಿವಿ ಮಾತ್ರ ಕೆಂಪಾಗಿತ್ತು.

"ಕೆಮ್ಮು ಬಂದಿತ್ತು," ಅಂದಳು ಆಯಿ. "ನೀ ಮುಂದ ನಡಸ ಮಗಳ."

ಅವರು ತೀರಿಕೊಂಡದ್ದು ಹೋದ ವರ್ಷ. ಬೆಳಿಗ್ಗೆ ಬುದ್ಧವಂದನೆ ಮುಗಿಸಿ ಕೂತವರು ಮತ್ತೆ ಏಳಲಿಲ್ಲ. ಆಯಿ ಆ ದಿನ ರೊಟ್ಟಿ ಬಡಿಯುತ್ತಲೇ ಅತ್ತಳು, ಕೆಲಸ ನಿಲ್ಲಿಸಲಿಲ್ಲ. ಈಗ ಸಭೆ ನಡೆಸುವುದು ನನ್ನ ಪಾಲಿಗೆ ಬಂದಿದೆ. ಸಭೆಯ ಹೊರಗೆ ಬೇಡವೆಂದೆ, ಯಾರೂ ಕೇಳಲಿಲ್ಲ.

ಮೊನ್ನೆಯ ಹುಣ್ಣಿಮೆಗೆ ಪ್ರಾಧ್ಯಾಪಕರೇ ಶೆಡ್ಡಿಗೆ ಕಾಕಾನ ಹೆಸರಿಡೋಣ ಅಂದರು. ಒಂದು ಬೋರ್ಡು, ಇಷ್ಟೇ. ಇದಕ್ಕೆ ಯಾರು ಬೇಡ ಅನ್ನುತ್ತಾರೆ? ನಾನು ಓದತೊಡಗಿದೆ. ಮೊದಲ ಸಲ ಎಲ್ಲರೂ ಸುಮ್ಮನಿದ್ದರು. ಎರಡನೆಯ ಸಲವೂ. ಮೂರನೆಯದಕ್ಕೆ ಬಾಯಿ ತೆರೆದೆ, ಆಯಿ ಎದ್ದಳು.

"ಬ್ಯಾಡ. ಹೆಸರು ಬರದ್ರ ನಾಳಿಗೆ ಅದು ಅಂವನ ಶೆಡ್ ಆಕ್ಕೈತಿ. ಅದು ಎಲ್ಲಾರದು."

ಅವಳ ಹಿಂದೆ ಮೊನ್ನೆ ಮೊನ್ನೆ ಸಭೆಗೆ ಬರತೊಡಗಿದ ಸೊಸೆಯಂದಿರೂ ಒಬ್ಬೊಬ್ಬರಾಗಿ "ಬ್ಯಾಡ್ರಿ" ಅಂದರು. ಅಲ್ಲಿಗೆ ಠರಾವು ಬಿದ್ದುಹೋಯಿತು. ಮನೆಗೆ ಬರುವ ತನಕ ನನಗೆ ಅವರೆಲ್ಲರ ಮೇಲೂ ಸಿಟ್ಟು, ಕಾಕಾನ ಮೇಲೂ ಸಿಟ್ಟು. ತನ್ನ ಹೆಸರಿನದೊಂದು ಬೋರ್ಡು ಹಾಕಲೂ ಬಿಡದಂಥ ಹೆಂಗಸರನ್ನು ತಯಾರು ಮಾಡಿಟ್ಟು ಹೋಗಿದ್ದಾನೆ ಆ ಮಹಾರಾಯ.