ಬಾಣಂತಿ ಕೇಳಿದ ನೀರು

ಎದ್ದ ಕೂಡಲೇ ಒಂದು ತಂಬಿಗೆ ನೀರು, ಎಮ್ಮೆ ಹಿಂಡಿ ಬಂದ ಮೇಲೆ ಒಂದು, ರೊಟ್ಟಿ ಬಡಿಯಲು ಕೂರುವ ಮುಂಚೆ ಮತ್ತೊಂದು. ಕಬ್ಬಿನ ಹೊಲಕ್ಕೆ ಹೋಗುವಾಗ ಬುತ್ತಿ ಮರೆತೇನು, ನೀರಿನ ಬಾಟಲಿ ಮರೆಯುವುದಿಲ್ಲ. ನಮ್ಮ ಮನೆಯವರು ನಗುತ್ತಾರೆ. "ಸಾವಕಾಶ ಕುಡಿ ಬೇ, ಹೊಳಿ ಬತ್ತಿದ್ರ ಊರ ಮಂದಿ ನನ್ನ ಬೈತಾರ." ನಾನು ಕುಡಿಯುತ್ತಲೇ ಕಣ್ಣು ಬಿಟ್ಟು ಹೆದರಿಸುತ್ತೇನೆ. ನೀರಿನ ವಿಷಯದಲ್ಲಿ ನಾನು ಯಾರ ಚೇಷ್ಟೆಯನ್ನೂ ಸಹಿಸುವವಳಲ್ಲ, ಅವರೊಬ್ಬರದನ್ನು ಬಿಟ್ಟು.

ನಮ್ಮದು ಕೃಷ್ಣೆಯ ದಂಡೆಯ ಊರು, ಉಗಾರದಿಂದ ದೂರವೇನಲ್ಲ. ಎಲ್ಲಿ ನೋಡಿದರೂ ನೀರೇ. ಆದರೆ ನಮ್ಮ ಕಡೆ ಬಾಣಂತಿಗೆ ಮಾತ್ರ ನೀರು ಕೊಡುವುದಿಲ್ಲ. ಅಂಟಿನ ಉಂಡೆ ಕೊಡುತ್ತಾರೆ, ಅಳವಿಯ ಪಾಯಸ ಕೊಡುತ್ತಾರೆ, ಬಿಸಿ ರೊಟ್ಟಿಯ ಮೇಲೆ ಕೈ ಬಿಚ್ಚಿ ತುಪ್ಪ ಸುರಿಯುತ್ತಾರೆ; ನೀರು ಕೇಳಿದಳೋ, ವಿಷ ಕೇಳಿದವಳನ್ನು ನೋಡಿದ ಹಾಗೆ ನೋಡುತ್ತಾರೆ. ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ಮೈ ನಂಜಾಗುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ಹೇಳುತ್ತಾರೆ. ಊಟವಾದ ಮೇಲೆ ಕಾಯಿಸಿದ ನೀರು ಒಂದು ಬಟ್ಟಲು, ಅಷ್ಟರಲ್ಲೇ ದಿನ ಕಳೆಯಬೇಕು. ಈ ವಿದ್ಯೆಯಲ್ಲಿ ನಮ್ಮ ಓಣಿಗೆಲ್ಲ ದೊಡ್ಡವರು ನಮ್ಮ ಅತ್ತೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನ ಹೇಗೆ ಮಾಡಬೇಕೆಂದು ಅವರನ್ನೇ ಕೇಳಿಕೊಂಡು ಬರುತ್ತಿದ್ದರು.

ನನಗೆ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲಿಲ್ಲ, ಅತ್ತೆಯ ಕೈಯಲ್ಲೇ ಉಳಿದೆ. ಎರಡು ದಿನ ಬೇನೆ ತಿಂದೆ. ಕೂಸಿನ ತಲೆ ಕೆಳಗೆ ಬಂದು ಸಿಕ್ಕಿಕೊಂಡಿತ್ತು. ಮುಂದೂ ಬರಲೊಲ್ಲದು, ಹಿಂದೂ ಹೋಗಲೊಲ್ಲದು. ಕೊನೆಗೆ ಗಾಡಿ ಮಾಡಿ ದವಾಖಾನೆಗೆ ಒಯ್ಯುವಷ್ಟರಲ್ಲಿ ಕೂಸು ಹೋಗಿಬಿಟ್ಟಿತ್ತು. ಗಂಡು ಕೂಸು. ಮುಖ ನೋಡಬೇಡ ಎಂದರು, ನೋಡಲಿಲ್ಲ. ಈಗಲೂ ಅದೊಂದು ನೋವು ನನಗಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಮನೆಗೆ ಬಂದ ಮೇಲೆ ಮೈಯೆಲ್ಲ ಬೆಂಕಿ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ಸಂಜೆ ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿ, ಗೋಡೆ ಹಿಡಿದುಕೊಂಡು ಎದ್ದು ಹೋಗಿ, ನೀರಿನ ಹರವಿಯಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿದೆ. ಕುಡಿಯುತ್ತಿರುವಾಗಲೇ ಅವರು ಒಳಗೆ ಬಂದರು. ಮರುದಿನ ಬೆಳಿಗ್ಗೆ ಎದ್ದರೆ ಹಾಸಿಗೆಯೆಲ್ಲ ಒದ್ದೆ. ಉಚ್ಚೆ ತಾನೇ ಹರಿಯುತ್ತಿತ್ತು. ಕೂತರೂ ಹರಿಯುತ್ತಿತ್ತು, ನಿಂತರೂ ಹರಿಯುತ್ತಿತ್ತು, ತಡೆಯುವುದು ನನ್ನ ಕೈಯಲ್ಲಿ ಇರಲಿಲ್ಲ.

"ಕದ್ದ ನೀರ ಕುಡದೆಲ್ಲಾ, ಈಗ ಉಣ್ಣು," ಎಂದರು ಅತ್ತೆ.

ಅದನ್ನು ನನಗಷ್ಟೇ ಹೇಳಿದ್ದರೆ ನಡೆಯುತ್ತಿತ್ತು. ಓಣಿಗೆಲ್ಲ ಹೇಳಿದರು. ನಮ್ಮ ಸೊಸೆಗೆ ನೀರಿನಿಂದ ಹೀಗಾಯಿತು, ನೀವು ಹುಷಾರಾಗಿರಿ ಎಂದು. ನಾನೂ ನಂಬಿದೆ. ಯಾಕೆ ನಂಬಬಾರದು? ಕುಡಿದದ್ದು ನಿಜ, ಮರುದಿನ ಹರಿದದ್ದೂ ನಿಜ. ಆರು ವರ್ಷ ಗಂಟಲು ಒಣಗಿಸಿಕೊಂಡು ಬದುಕಿದೆ. ಕುಡಿಯದಿದ್ದರೆ ಸೋರಲಾರದು ಎಂದು ನನ್ನ ಲೆಕ್ಕಾಚಾರ. ಸೋರುವುದೇನೂ ನಿಲ್ಲಲಿಲ್ಲ, ನೀರು ಬಿಟ್ಟಷ್ಟೂ ಉರಿ ಹೆಚ್ಚಾಯಿತು, ವಾಸನೆ ಹೆಚ್ಚಾಯಿತು, ತೊಡೆಯ ಚರ್ಮ ಸುಲಿದು ಹೋಯಿತು. ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. ಮಂಗಸೂಳಿಯ ಮಲ್ಲಯ್ಯನ ದರ್ಶನವನ್ನೂ ಬಿಟ್ಟೆ. ಕೊಟ್ಟಿಗೆಯ ಪಕ್ಕದ ಕೋಣೆ ನನ್ನದಾಯಿತು. ಎಮ್ಮೆಗಳಿಗೆ ನನ್ನ ವಾಸನೆಯ ತಕರಾರು ಇರಲಿಲ್ಲ. ನಮ್ಮ ಮನೆಯವರಿಗೂ ಇರಲಿಲ್ಲ. ಬೇರೆ ಹೆಣ್ಣು ನೋಡೋಣ ಎಂದು ಬಂದವರ ಮುಂದೆ ಅವರು "ಒಬ್ಬಾಕೀನ ಸಾಕಾಗ್ಯಾಳ ನನಗ" ಎಂದು ಹೇಳಿ ಎದ್ದು ಹೋಗುತ್ತಿದ್ದರಂತೆ. ಹೇಳುವುದನ್ನು ಇನ್ನೂ ಸ್ವಲ್ಪ ಚೆಂದ ಮಾಡಿ ಹೇಳಬಹುದಿತ್ತು.

ಒಮ್ಮೆ ಹಾಲಿನ ಗಾಡಿಯ ಡ್ರೈವರ್ ತನ್ನ ಅಕ್ಕನಿಗೂ ಹೀಗೇ ಆಗಿತ್ತೆಂದೂ ಮಿರಜಿನಲ್ಲಿ ವಾಸಿ ಮಾಡಿದರೆಂದೂ ಇವರಿಗೆ ಹೇಳಿದ. ಮರುದಿನವೇ ಇವರು ನನ್ನನ್ನು ಮಿರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಲೇಡಿ ಡಾಕ್ಟರ್ ನನ್ನನ್ನು ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು, ಪಕ್ಕದಲ್ಲಿ ಕೂತು ಹೇಳಿದರು: "ಕೂಸಿನ ತಲಿ ಭಾಳ ಹೊತ್ತ ಒಂದ ಕಡೆ ಒತ್ತಿತ್ತಲ್ಲ, ಅಲ್ಲಿ ಮಾಂಸ ಸತ್ತು ಉಚ್ಚಿ ಚೀಲಕ್ಕ ತೂತ ಬಿದ್ದೈತಿ. ಇದಕ್ಕ ಫಿಸ್ಟುಲಾ ಅಂತಾರ. ನೀರ ಕುಡದಿದ್ದಕ್ಕ ಆಗಿದ್ದಲ್ಲ ಯವ್ವಾ. ನೀರ ಕುಡಿ, ಹೊಟ್ಟಿ ತುಂಬ ಕುಡಿ." ಇನ್ನೊಂದು ಮಾತೂ ಹೇಳಿದರು. ಹೆರಿಗೆಯಾದ ಮೊದಲ ದಿನಗಳಲ್ಲೇ ಬಂದಿದ್ದರೆ, ತೂತು ಸಣ್ಣದಿದ್ದರೆ, ಉಚ್ಚೆ ಹೊರಗೆ ಹೋಗಲು ಪೈಪು ಹಾಕಿ ಕೆಲವು ವಾರ ಬಿಟ್ಟರೆ ಒಮ್ಮೊಮ್ಮೆ ಅದು ತಾನೇ ಕೂಡಿಕೊಳ್ಳುತ್ತದೆಯಂತೆ, ಕತ್ತರಿ ಹಚ್ಚುವ ಪ್ರಸಂಗವೇ ಬರುವುದಿಲ್ಲವಂತೆ. ನನಗಂತೂ ಕತ್ತರಿ ಹಚ್ಚಿಯೇ ಹೊಲಿಯಬೇಕಾಯಿತು.

ಒಣ ಹಾಸಿಗೆಯಲ್ಲಿ ಎದ್ದ ಮೊದಲ ಬೆಳಿಗ್ಗೆ ನಾನು ವಾರ್ಡಿನಲ್ಲೆಲ್ಲ ಓಡಾಡಿ, ಪರಿಚಯ ಇಲ್ಲದವರಿಗೂ "ನಂದು ಒಣಗೈತ್ರೀ" ಎಂದು ಹೇಳಿಕೊಂಡು ಬಂದೆ. ಆಮೇಲೆ ಮಗಳು ಹುಟ್ಟಿದಳು, ಹೊಟ್ಟೆ ಕೊಯ್ಯಿಸಿಕೊಂಡೇ ಹಡೆದೆ. ಈಗ ಅವಳು ಹೈಸ್ಕೂಲು. ನನ್ನ ಜೊತೆ ಜಗಳ ಮಾಡುವುದರಲ್ಲಿ ನಂಬರ್ ಒಂದು. ಅತ್ತೆ ಮೊಮ್ಮಗಳನ್ನು ನೆಲಕ್ಕೆ ಇಳಿಸದೆ ಬೆಳೆಸಿದರು. ನನ್ನ ಜೊತೆಗೂ ಚೆನ್ನಾಗಿಯೇ ಇದ್ದರು, ಈಗಲೂ ಇದ್ದಾರೆ. ಆದರೆ ಮಿರಜಿನ ಡಾಕ್ಟರ್ ಹೇಳಿದ್ದನ್ನು ನಾನು ಬಂದು ಹೇಳಿದಾಗ "ಹೌದಾ?" ಎಂದಷ್ಟೇ ಅಂದು ಬೆರಣಿ ತಟ್ಟಲು ಹೋದರು. ಆ ಮಾತು ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಹೊಳೆ ಉಕ್ಕಿ ಬಂತು. ಎದುರು ಮನೆಯ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನ್ನನ್ನು ಕಾಕು ಎಂದು ಕರೆಯುತ್ತ ನನ್ನ ಅಂಗಳದಲ್ಲೇ ಬೆಳೆದ ಹುಡುಗಿ. ಬೇನೆ ಬಂದಾಗ ರಸ್ತೆ ಮೇಲೆ ನೀರು ನಿಂತಿತ್ತು. ನೀರು ಇಳಿಯಲಿ ಎಂದು ಕಾದು, ಸುತ್ತು ಹಾಕಿ ಹೋಗಿ ದವಾಖಾನೆ ಮುಟ್ಟುವಷ್ಟರಲ್ಲಿ ಬಹಳ ತಡವಾಗಿತ್ತು. ಆದರೂ ಕೂಸು ಬದುಕಿತು, ಹೆಣ್ಣು ಕೂಸು. ಮನೆಗೆ ಬಂದ ಮೇಲೆ ನಾನೂ ಅತ್ತೆಯೂ ಒಣಕೊಬ್ಬರಿ, ಕೂಸಿಗೊಂದು ಅಂಗಿ ತೆಗೆದುಕೊಂಡು ನೋಡಲು ಹೋದೆವು.

ಒಳಗೆ ಕಾಲಿಟ್ಟರೆ ಲೋಬಾನದ ಹೊಗೆ, ಕಣ್ಣು ಬಿಡಲಾಗದಷ್ಟು. ಬಾಣಂತಿ ಕೋಣೆಗೆ ಹೊಗೆ ಹಾಕುವುದು ಸರಿ, ಆದರೆ ಇಷ್ಟು ಯಾರೂ ಹಾಕುವುದಿಲ್ಲ. ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಅದನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಹುಡುಗಿ ಹೊರಸಿನ ಅಂಚಿಗೆ ಕೂತಿದ್ದಳು, ತುಟಿ ಒಡೆದು ರಕ್ತ ಬಂದಿತ್ತು. "ನೀರ ಕುಡದೀಯೇನ?" ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು.

"ಎಲ್ಲಾ ಬರೋಬರಿ ಐತಿ ತಂಗಿ. ನಿದ್ದಿ ಇಲ್ಲ, ಅದಕ್ಕ ಮಾರಿ ಹಂಗ ಆಗೈತಿ," ಎಂದರು ಆ ಅಕ್ಕ.

ನಾನು ಬಾಗಿಲು ಮುಂದೆ ಮಾಡಿದೆ. "ಅಕ್ಕಾ, ಆರ ವರ್ಷ ಇದರಾಗ ಇದ್ದಾಕಿ ನಾ. ನನ್ನ ಮೂಗಿಗೆ ಸುಳ್ಳ ಹೇಳಬ್ಯಾಡ."

ಅವರು ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದರು. ಮೂರು ದಿನದಿಂದ ಸೋರುತ್ತಿದೆ. ಅಳಿಯನ ಮನೆಯವರಿಗೆ ಗೊತ್ತಾದರೆ ಹುಡುಗಿಯನ್ನು ತಿರುಗಿ ಕರೆದುಕೊಳ್ಳುವುದಿಲ್ಲ ಎಂದರು. ನಾನು ನಾಳೆ ಬೆಳಿಗ್ಗೆಯೇ ಮಿರಜಿಗೆ ಹೋಗೋಣ ಎಂದೆ. ಈಗಿನ್ನೂ ಹಸಿ ಗಾಯ, ಪೈಪು ಹಾಕಿದರೆ ತಾನೇ ಕೂಡಬಹುದು, ಕುಳಿತುಕೊಂಡು ಕಾದರೆ ನನ್ನ ಗತಿಯೇ ಇವಳಿಗೂ ಎಂದೆ. ಅವರು ತಲೆ ಅಲ್ಲಾಡಿಸಿದರು. ಹಸಿ ಬಾಣಂತಿಯನ್ನು ಗಾಳಿಗೆ ಹೊರಗೆ ಒಯ್ಯುವುದೆಂದರೇನು?

"ದವಾಖಾನಿ ಯಾಕ್ ಬೇಕ ತಂಗಿ? ನಾ ಇಲ್ಲದಾಗ ಕದ್ದ ನೀರ ಕುಡದಾಳ ಇಕಿ. ಈಗ ನೀರ ಬಂದ್ ಮಾಡೀನಿ, ನಿಂತ ಹೋಗತೈತಿ. ಆಯಿನ ಹೇಳಿದ್ರಲ್ಲ ಆವಾಗ, ನಿನಗ ನೀರಿಂದ ಆತು ಅಂತ. ಕೇಳ ಬೇಕಾರ." ಹೀಗೆಂದು ಅವರು ನಮ್ಮ ಅತ್ತೆಯ ಕಡೆ ತಿರುಗಿದರು.

ನಾನು ಗಂಟಲು ಹರಿದುಕೊಂಡರೂ ಆ ಮನೆಯಲ್ಲಿ ಅತ್ತೆಯ ಒಂದು ಮಾತಿಗೆ ಸಮ ಇಲ್ಲ ಎಂದು ನನಗೆ ಗೊತ್ತಿತ್ತು. ಅವರು "ಹೌದು" ಎಂದರೆ ಮುಗಿಯಿತು, ಹುಡುಗಿ ಆ ಕೋಣೆಯಲ್ಲೇ ಕೊಳೆಯುತ್ತಾಳೆ. ಸುಮ್ಮನಿದ್ದರೂ ಅದೇ.

ಅತ್ತೆ ತೊಡೆಯ ಮೇಲಿದ್ದ ಕೂಸನ್ನು ನೋಡುತ್ತ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು: "ನೀರಿಂದ ಆಗಿಲ್ಲ ಯವ್ವಾ. ಎರಡ ದಿನ ಬ್ಯಾನಿ ತಿಂದ್ಲು ಇಕಿ. ನನ್ನ ಮಗ ಗಾಡಿ ತರ್ತೀನಂದಾ, ನಾ ಬ್ಯಾಡಂದೆ. ನಾ ಏಳ ಹಡದೀನಿ ಮನಿಯಾಗ, ಇಕಿಗೇನ ಆಗತೈತಿ ಅಂದೆ. ಕೂಸೂ ಹೋತು, ಇಕಿ ಬಾಳೇನೂ ಹಾಳಾತು. ಮಂದಿ ಏನ ಅಂತಾರ ಅಂತ ನೀರಿನ ಮ್ಯಾಲ ಹಾಕೀನಿ. ತಪ್ಪ ನಂದು. ನೀ ಆ ಹುಡಿಗೀಗೆ ಮೊದಲ ನೀರ ಕೊಡು."

ಯಾರೂ ಏಳಲಿಲ್ಲ. ನಾನೇ ಎದ್ದು ಹೋಗಿ ಒಂದು ಚೊಂಬು ತುಂಬಿಕೊಂಡು ಬಂದೆ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಡದೆ ಕುಡಿದು ಮುಗಿಸಿದಳು. ಅವಳ ತಾಯಿ ನೋಡುತ್ತಲೇ ಇದ್ದರು, ಬೇಡ ಎನ್ನಲಿಲ್ಲ.

ನನಗೆ ಆಗ ಸಮಾಧಾನ ಆಗಬೇಕಿತ್ತಲ್ಲ? ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಓಣಿ ದಾಟುವಾಗಲೇ ಅತ್ತೆಯನ್ನು ತಡೆದು ನಿಲ್ಲಿಸಿದೆ. "ಈ ಮಾತ ನನಗ ಒಮ್ಮೆರ ಹೇಳಾಕ ಏನಾಗಿತ್ರೀ ನಿಮಗ?"

"ನಿನ್ನ ಮುಂದ ಬಾಯಿ ಬರಲಿಲ್ಲ ಬೇ," ಎಂದರು.

ನಾನು ಎಮ್ಮೆ ಹಿಂಡಲು ಹೋದೆ. ಕೊಟ್ಟಿಗೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತುಬಿಟ್ಟೆ. ಆರು ವರ್ಷದ ಬಾಯಾರಿಕೆ ಒಂದು ಮಾತಿನಿಂದ ಹೋಗುವಂಥದ್ದಲ್ಲ. ಆದರೂ ಆ ರಾತ್ರಿ ಊಟಕ್ಕೆ ಕೂತಾಗ ಅವರ ತಟ್ಟೆಗೆ ಮೊದಲ ಬಿಸಿ ರೊಟ್ಟಿ ಹಾಕಿದೆ, ಅವರು ತಿಂದರು.

ಮರುದಿನ ಜೀಪು ಮಾಡಿಕೊಂಡು ಹೋದೆವು. ಡಾಕ್ಟರ್ ತೂತು ಸಣ್ಣದಿದೆ, ಬೇಗ ಬಂದಿರಿ ಎಂದರು. ಕೂಡಲೂಬಹುದು, ಕೂಡದಿದ್ದರೆ ಆಪರೇಷನ್ ಎಂದರು. ಪೈಪು ಹಾಕಿ, ಅದಕ್ಕೊಂದು ಚೀಲ ತೂಗುಬಿಟ್ಟು, ಚೆನ್ನಾಗಿ ನೀರು ಕುಡಿಸಿ ಎಂದು ಕಳಿಸಿದರು. ಅಳಿಯ ಸುದ್ದಿ ಕೇಳಿ ಬಂದ. ಬೈಯಲು ಬಂದನೋ ನೋಡಲು ಬಂದನೋ, ನಮ್ಮ ಮನೆಯವರು ಅವನನ್ನು ಹೊಲದ ಕಡೆ ಕರೆದುಕೊಂಡು ಹೋಗಿ ಏನೋ ಮಾತಾಡಿದರು. ತಿರುಗಿ ಬಂದವನು ಕೂಸನ್ನು ಎತ್ತಿಕೊಂಡು ಕೂತ. ಇನ್ನು ನಮ್ಮ ಅತ್ತೆ! ಅಷ್ಟು ವರ್ಷ ಬಾಣಂತಿಯರ ನೀರು ಕಾಯ್ದವರು ಈಗ ತಂಬಿಗೆ ಹಿಡಿದು ಓಣಿ ದಾಟುವುದೇ ಕೆಲಸ ಮಾಡಿಕೊಂಡರು. "ಕುಡಿ ಬೇ, ಇನ್ನೊಂದ ಗುಟುಕ." "ಆಯಿ, ಹೊಟ್ಟಿ ಕೆರಿ ಆಗೈತಿ, ಸಾಕ ಬಿಡ್ರಿ!" ಎಂದು ಹುಡುಗಿ ಕೈ ಮುಗಿಯುತ್ತಿದ್ದಳು. ನಾನು ನಮ್ಮ ಕಟ್ಟೆಯ ಮೇಲಿಂದ ನೋಡಿ ನಗುತ್ತಿದ್ದೆ.

ಕೆಲವು ವಾರ ಬಿಟ್ಟು ಪೈಪು ತೆಗೆಸಲು ಹೋದೆವು. ನೀಲಿ ಬಣ್ಣದ ನೀರು ಬಿಟ್ಟು ಪರೀಕ್ಷೆ ಮಾಡಿದರು; ಒಂದು ಹನಿಯೂ ಹೊರಗೆ ಬರಲಿಲ್ಲ. ಆದರೂ ಮನೆ ಮುಟ್ಟುವ ತನಕ ನನಗೆ ನಂಬಿಕೆ ಇಲ್ಲ. ಮಿರಜಿನಿಂದ ಕಾಗವಾಡದ ಮೇಲೆ ಬರುವ ಕೆಂಪು ಬಸ್ಸು, ಕಬ್ಬಿನ ಟ್ರಾಕ್ಟರುಗಳು ಕೆಡಿಸಿದ ರಸ್ತೆ, ಹಾದಿಯುದ್ದಕ್ಕೂ ಕುಲುಕಾಟ. ಹುಡುಗಿ ಕಿಟಕಿಯ ಪಕ್ಕ ಕೂತು ಫೋನಿನಲ್ಲಿ ಗಂಡನ ಜೊತೆ ನಗುತ್ತ ಮಾತಾಡುತ್ತಿದ್ದಳು. ನಾನು ಅವಳ ಪಕ್ಕ, ಅತ್ತೆ ಕೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ.

ನನಗೊಂದು ಚಾಳಿಯಿದೆ. ಎಲ್ಲಿ ಕೂತು ಎದ್ದರೂ, ವಾಸಿಯಾಗಿ ಇಷ್ಟು ವರ್ಷವಾದರೂ, ಹಿಂದಕ್ಕೆ ತಿರುಗಿ ಕೂತ ಜಾಗದ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಮದುವೆ ಮನೆಯ ಕುರ್ಚಿಯಾದರೂ ಸರಿ, ಸ್ವಂತ ಹಾಸಿಗೆಯಾದರೂ ಸರಿ. ಸೋರಿದ ಹೆಂಗಸಿನ ಕೈ ತಾನೇ ಹೋಗುತ್ತದೆ.

ನಮ್ಮ ಸ್ಟಾಪು ಬಂತು. ಹುಡುಗಿ ಎದ್ದಳು. ಅತ್ತೆಯ ಕೈಯಿಂದ ಕೂಸನ್ನು ತೆಗೆದುಕೊಂಡಳು, "ಕಾಕು, ಬಟ್ಟಿ ಚೀಲ ತಗೋ" ಎಂದಳು, ದಡದಡ ಮೆಟ್ಟಿಲು ಇಳಿದು ಹೋದಳು. ಹಿಂದಕ್ಕೆ ತಿರುಗಲೇ ಇಲ್ಲ. ನಾನು ಅವಳ ಸೀಟಿನ ಮೇಲೆ ಕೈ ಇಟ್ಟೆ. ಒಣಗಿತ್ತು.

ತಲೆ ಎತ್ತಿದರೆ ಅತ್ತೆ ಇಳಿಯದೆ ನನ್ನನ್ನೇ ನೋಡುತ್ತ ನಿಂತಿದ್ದರು.

"ಆಕಿ ತಿರಗಿ ನೋಡಲಿಲ್ಲ ಅಲ್ಲಾ?" ಎಂದು ಕೇಳಿದರು.

"ಇಲ್ರೀ ಅತ್ತಿ, ನೋಡಲಿಲ್ಲ."

ಕಂಡಕ್ಟರ್ ಬೈಯುವ ತನಕ ನಾವಿಬ್ಬರೂ ಬಸ್ಸಿನಿಂದ ಇಳಿಯಲಿಲ್ಲ.